ಬೆನ್ನು ತಟ್ಟಿಸಿಕೊಂಡು ಪಾಸಾದ ಖಾಲಾ

ಕಣ್ಣು ತಪಾಸಣೆಯ ತಂಡದಲ್ಲಿ ನನ್ನ ಕೆಲಸ ಬ್ಯಾಗು ಹೊರುವುದು, ಸಾಲು ನಿಲ್ಲಿಸುವುದು. ಜನರನ್ನು ನಗಿಸುವ ಕೆಲಸ ಯಾರೂ ಕೊಟ್ಟದ್ದಲ್ಲ, ನಾನೇ ಹಚ್ಚಿಕೊಂಡದ್ದು. ಆಳಂದ, ಅಫಜಲಪುರ, ಜೇವರ್ಗಿ ಸುತ್ತಿದಲ್ಲೆಲ್ಲ ಯಾರನ್ನಾದರೂ ಅಣಕಿಸಿಯೇ ಬಂದಿದ್ದೇನೆ. ನನ್ನ ಕೊಕ್ಕರೆ ಕತ್ತನ್ನೂ ಬಿಟ್ಟಿಲ್ಲ.

ಆ ದಿನ ತಪಾಸಣೆ ನಮ್ಮೂರು ಮಟಕಿಯಲ್ಲೇ. ನಮ್ಮ ಓಣಿಯ ಖಾಲಾ, ಎಲ್ಲರ ಚಿಕ್ಕಮ್ಮ, ಸಾಲಿನಲ್ಲಿದ್ದಳು. ಊರವರ ಪಾಲಿಗೆ ಆಕೆ ಸೊಕ್ಕಿನ ಹೆಂಗಸು. ಎದುರಿಗೆ ಬಂದರೂ ಮಾತಾಡಿಸುವುದಿಲ್ಲ. ಗದ್ದ ಎತ್ತಿ, ಕಣ್ಣು ಕಿರಿದು ಮಾಡಿ, ಎಲ್ಲರನ್ನೂ ದಾಟಿ ಹೋಗುವ ಅವಳ ನಡಿಗೆ ನನ್ನ ಕೈಯಲ್ಲಿದ್ದ ಅತ್ಯುತ್ತಮ ಅಣಕ. ಅವತ್ತೂ ಅವಳ ಹಿಂದೆಯೇ ನಡೆದು ತೋರಿಸಿದ್ದೆ. ಸಾಲೆಲ್ಲ ನಕ್ಕಿತ್ತು.

ಶಾಲೆಯ ಗೋಡೆಗೆ ತೂಗುಹಾಕಿದ ಚಾರ್ಟಿನಲ್ಲಿ ಓದಲು ಅಕ್ಷರವಿಲ್ಲ. ಮೂರು ಹಲ್ಲಿನ ಹಣಿಗೆಯಂಥ ಗುರುತು, ಸಾಲು ಇಳಿದಂತೆ ಸಣ್ಣದಾಗುತ್ತದೆ. ಹಲ್ಲು ಇರುವ ಕಡೆ ಕೈ ತೋರಿಸಬೇಕು. ಖಾಲಾ ಸರಸರ ತೋರಿಸಿದಳು: ಮೇಲೆ, ಎಡಕ್ಕೆ, ಕೆಳಗೆ. ಹಿಂದೆ ಕೂತ ಅವಳ ಗೆಳತಿ ಹಲ್ಲಿನ ದಿಕ್ಕು ತಿಳಿಸಲು ಬೆನ್ನ ಮೇಲೆ ಅತ್ತ ಒಮ್ಮೆ ಇತ್ತ ಒಮ್ಮೆ ತಟ್ಟುತ್ತಿದ್ದುದು ನನಗೆ ಕಾಣುತ್ತಿತ್ತು. ನಮ್ಮೂರಲ್ಲಿ ಪರೀಕ್ಷೆ ಎಂದರೆ ಒಬ್ಬರನ್ನೊಬ್ಬರು ಕೈಬಿಡಬಾರದು. ನಾನು ಮುಸಿಮುಸಿ ನಕ್ಕು ಸುಮ್ಮನಿದ್ದೆ.

"ಕಣ್ಣು ಛಲೋ ಅದಾವು, ಚಷ್ಮಾ ಬ್ಯಾಡ" ಎಂದರು ತಪಾಸಣೆ ಮಾಡುತ್ತಿದ್ದ ಮೇಡಂ.

ಖಾಲಾ ಎದ್ದು ನೇರ ನನ್ನ ಹತ್ತಿರ ಬಂದು, "ಹಂಗಾರ ಹೋಗ್ಲೇನ್ರಿ ಡಾಕ್ಟರ್?" ಎಂದಳು.

ಎಲ್ಲರೂ ನಕ್ಕರು, ಮೇಡಂ ನಗಲಿಲ್ಲ. ಅವಳನ್ನು ಮತ್ತೆ ಕೂರಿಸಿ, ಕ್ಯಾಮೆರಾದಂಥ ಪುಟ್ಟ ಯಂತ್ರವನ್ನು ಕಣ್ಣೆದುರು ಹಿಡಿದರು. ಅದು ಯಾರನ್ನೂ ಏನೂ ಕೇಳುವುದಿಲ್ಲ. ತಾನೇ ಕಣ್ಣೊಳಗೆ ನೋಡಿ ನಂಬರು ಹೇಳುತ್ತದೆ. ಹೇಳಿತು, ದೊಡ್ಡ ನಂಬರು.

"ಖಾಲಾ, ನಿಮಗ ಚಾರ್ಟ್ ಕಾಣಂಗೇ ಇಲ್ಲ. ಸುಳ್ಳ್ಯಾಕ ಹೇಳಿದ್ರಿ? ಚಷ್ಮಾ ತಪ್ಪಿ ಹೋಗ್ತಿತ್ತಲ್ಲ."

ಖಾಲಾ ಸೆರಗಿನ ಅಂಚು ಹಿಂಡಿದಳು. "ಫೇಲಾದ್ರ ನಿಮ್ಮ ಬ್ಯಾಗ್ ಹೊರೂ ಹುಡುಗ ಅದನ್ನೂ ಮಾಡಿ ತೋರಿಸ್ತಾನ್ರಿ. ನಾ ನಡಿಯೂದು ಮಾಡ್ತಾನಂತ. ನಾ ನೋಡಿಲ್ಲ, ಜನ ನಗೂದು ಕೇಳ್ತದ."

ಆಕೆ ಸೊಕ್ಕಿನಿಂದ ಯಾರನ್ನೂ ದಾಟಿ ಹೋಗುತ್ತಿರಲಿಲ್ಲ. ಅವಳಿಗೆ ಯಾರೂ ಕಾಣುತ್ತಿರಲಿಲ್ಲ, ಅಷ್ಟೆ. ಅದನ್ನು ನಾನು ದಿನಾ ಅಷ್ಟು ಕರಾರುವಾಕ್ಕಾಗಿ ನೋಡಿ, ಕಲಿತು, ಆಡಿ ತೋರಿಸಿದ್ದೆ. ಕಣ್ಣಿನ ಕ್ಯಾಂಪಿನ ಬ್ಯಾಗು ಹೊರುವವನು.

ಮೇಡಂ ಪರೀಕ್ಷೆಗೆ ಬಳಸುವ ಚಷ್ಮಾ ಚೌಕಟ್ಟಿನಲ್ಲಿ ಗಾಜು ಕೂಡಿಸಿ ಅವಳಿಗೆ ಹಾಕಿದರು. ಖಾಲಾ ನನ್ನನ್ನೇ ದಿಟ್ಟಿಸಿದಳು.

"ಅಯ್ಯ ಬೇಟಾ, ಎಷ್ಟ್ ಸೊರಗೀಯೋ. ಕತ್ತಷ್ಟೇ ಉಳದದ."

ಈ ಸಲ ಸಾಲೆಲ್ಲ ನಕ್ಕದ್ದು ನನಗೆ. ಬೈದಿದ್ದರೆ ಹಗುರಾಗುತ್ತಿತ್ತು.

ಅವಳ ಚಷ್ಮಾ ತಯಾರಾಗಿ ಬರಲು ಇನ್ನೂ ಕೆಲವು ದಿನ ಬೇಕು. ಚೌಕಟ್ಟನ್ನು ಅವಳ ಮೂಗಿನಿಂದ ತೆಗೆದುಕೊಳ್ಳಬೇಕಾದವನೂ ನಾನೇ. ತೆಗೆದೆ. ಅವಳ ಕಣ್ಣು ಮತ್ತೆ ಕಿರಿದಾದವು. ಮನೆತನಕ ಜೊತೆಗೆ ನಡೆದೆ, ಅರ್ಧ ಹೆಜ್ಜೆ ಹಿಂದೆ.

ದಾರಿಯಲ್ಲಿ ಒಬ್ಬ, "ಲೇ, ಖಾಲಾನ ನಡಿಗಿ ತೋರ್ಸಲೇ" ಎಂದ. ನಾನು ತಲೆ ತಗ್ಗಿಸಿ, ಅವಳಿಗಷ್ಟೇ ಕೇಳುವಂತೆ, "ಬಲಕ್ಕ ನಮ್ಮ ದೊಡ್ಡವ್ವ ಕುಂತಾಳ್ರಿ ಖಾಲಾ" ಎಂದೆ.

ಖಾಲಾ ಆ ಕಡೆ ತಿರುಗಿದಳು. "ಆರಾಮ್ ಅದೀಯೇನ ಬೇ?"

ದೊಡ್ಡವ್ವ ಕಾಳು ಹಸನು ಮಾಡುತ್ತಿದ್ದ ಮೊರ ಹಿಡಿದುಕೊಂಡೇ ಎದ್ದು ನಿಂತಳು.