ಅವ್ವನ ಖೋಲಿಯಲ್ಲಿ ಕಂಪ್ಯೂಟರ್ ಕ್ಲಾಸು

ಮೊಬೈಲು ಇನ್ನೂ ಊರಿನ ಒಂದೆರಡು ಮನೆಗಳಲ್ಲಷ್ಟೇ ಇದ್ದ, ಅದೂ ಮಾಳಿಗೆ ಹತ್ತಿದರೆ ಮಾತ್ರ ಮಾತು ಕೇಳಿಸುತ್ತಿದ್ದ ದಿನಗಳವು. ಹೊಂಬಳದ ಆಚೆಗಿನ ನಮ್ಮ ಸಣ್ಣ ಊರಿನ ಮಕ್ಕಳಿಗೆ ಕಂಪ್ಯೂಟರ್ ಅಂದರೆ ಗದುಗಿನ ಬ್ಯಾಂಕಿನಲ್ಲಿ ಗಾಜಿನ ಆಚೆ ಕಾಣುವ ಡಬ್ಬಿ. ಬೇಸಿಗೆ ಸೂಟಿ ಬಂತೆಂದರೆ ನಮಗೆ ಬೇವಿನ ಮರದ ನೆರಳು, ಕುಂಟಾಟಕ್ಕೆ ಒಂದು ಹಂಚಿನ ಚೂರು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಇದ್ದರೆ ಸಾಕಿತ್ತು. ಅಂಥ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಾನು ಆರನೇ ಇಯತ್ತೆ ಮುಗಿಸಿದ ವರ್ಷದ ಸೂಟಿಯಲ್ಲಿ ಇವು ಯಾವುವೂ ನನಗೆ ಬೇಕೆನಿಸಲಿಲ್ಲ. ಬೇಡವೆಂದೂ ಅನಿಸಲಿಲ್ಲ.

ಜೋಳದ ಸುಗ್ಗಿ ಮುಗಿಯುತ್ತ ಬಂದಾಗ ನಮ್ಮವ್ವ ತೀರಿಕೊಂಡಿದ್ದಳು. ಹೊಟ್ಟೆಯ ಬೇನೆ. ಇನ್ನು ಮನೆಗೆ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದ ಮೇಲೆ ಅಪ್ಪ ಅವಳನ್ನು ಹೊರಗಿನ ಖೋಲಿಯಲ್ಲಿ, ಕಿಟಕಿಯ ಕೆಳಗೆ ಮಲಗಿಸಿದ. ಆ ಖೋಲಿಗೆ ಓಣಿಯ ಕಡೆಗೆ ಬೇರೆ ಬಾಗಿಲಿತ್ತು. ನೋಡಲು ಬಂದವರು ಹಾಗೇ ಬಂದು ಹಾಗೇ ಹೋಗುತ್ತಿದ್ದರು. ಒಳಗೆ ಯಾವಾಗಲೂ ಫಿನಾಯಿಲಿನ ವಾಸನೆ, ಅದರ ಜೊತೆಗೆ ಬಸಮ್ಮಾಯಿ ಅರೆದು ತರುತ್ತಿದ್ದ ಅಜವಾನದ ವಾಸನೆ. ಬಸಮ್ಮಾಯಿ ಎದುರು ಮನೆಯ ಮುದುಕಿ. ನಮಗೆ ಬಳಗವಲ್ಲ, ಆದರೆ ಆ ತಿಂಗಳುಗಳಲ್ಲಿ ಅವ್ವನಿಗೆ ನೀರು ಕುಡಿಸಿದವಳು, ಮಗ್ಗಲು ಬದಲಿಸಿದವಳು ಅವಳೇ.

ಕರ್ಮವೆಲ್ಲ ಮುಗಿದ ಮೇಲೆ ಅಪ್ಪ ಆ ಖೋಲಿಗೆ ಕೀಲಿ ಹಾಕಿದ. ಬಂದವರೆಲ್ಲ ನನ್ನ ತಲೆ ಸವರಿ "ಅತ್ತುಬಿಡವಾ, ಹಗುರಾಗತೈತಿ" ಅನ್ನುತ್ತಿದ್ದರು. ನನಗೆ ಭಾರವೇ ಗೊತ್ತಾಗುತ್ತಿರಲಿಲ್ಲ. ಅಳುವವರ ಸೀರೆಯ ಅಂಚು ಯಾವ ಯಾವ ಬಣ್ಣದ್ದು ಎಂದು ನೋಡುತ್ತ ಕೂತಿದ್ದೆ. ತಂಗಿ ಸವಿತಾ ಇನ್ನೂ ಸಾಲಿಗೆ ಹೋಗದ ಕೂಸು. ಮನೆ ನೋಡಿಕೊಳ್ಳಲು ಅಪ್ಪನ ತಂಗಿ, ನಮ್ಮ ಅತ್ತಿ, ಬಾಳೆಹೊಸೂರಿನಿಂದ ಬಂದು ನಿಂತಳು.

ಆ ಸೂಟಿಯ ಸುರುವಿನಲ್ಲೇ ಊರಿಗೆ ಕಂಪ್ಯೂಟರ್ ಬರುತ್ತದೆಂಬ ಖಬರ ಬಂತು. ಗದುಗಿನಲ್ಲಿ ಕೆಲವು ಕಾಲೇಜು ಹುಡುಗರು, ಒಂದಿಬ್ಬರು ಮಾಸ್ತರು, ರೇಡಿಯೋ ರಿಪೇರಿ ಮಾಡುವವರೊಬ್ಬರು ಕೂಡಿ ಒಂದು ಕೆಲಸ ಹಿಡಿದಿದ್ದರು. ಆಫೀಸಿನವರು ಬ್ಯಾಡಾಗಿ ಮೂಲೆಗೆ ಹಾಕಿದ ಕಂಪ್ಯೂಟರುಗಳನ್ನು ಕೇಳಿ ತಂದು, ಒಂದರ ಭಾಗ ಒಂದಕ್ಕೆ ಹಾಕಿ ನಡೆಯುವಂತೆ ಮಾಡಿ, ಹಳ್ಳಿಗಳಲ್ಲಿ ಪುಕ್ಕಟೆ ಕ್ಲಾಸು ನಡೆಸುವುದು. ಶಿಗ್ಲಿಯಲ್ಲಿ ಆಗಲೇ ಒಂದು ನಡೆದಿತ್ತು. ಕಂಪ್ಯೂಟರು, ಕಲಿಸುವವರು ಅವರದು. ಖೋಲಿ, ಮೇಜು, ಕರೆಂಟು ಊರಿನದು.

ಊರು ಹುರುಪಿನಿಂದಲೇ ಎದ್ದಿತು. ಬಡಿಗೇರ ಮನೆಯವರು ಹಳೆಯ ಬಾಗಿಲುಗಳನ್ನು ಕೊಯ್ದು ಮೇಜು ಮಾಡಿಕೊಟ್ಟರು. ಯಾರೋ ಬೆಂಚು ಕೊಟ್ಟರು, ಯಾರೋ ವೈರು. ಖೋಲಿ ಮಾತ್ರ ಸಿಗಲಿಲ್ಲ. ಇದ್ದ ಖೋಲಿಗಳಲ್ಲಿ ಸೂಟಿಯ ಹೊತ್ತಿಗೆ ಶೇಂಗಾ ಚೀಲ ಒಟ್ಟಿತ್ತು, ಇಲ್ಲವೇ ಕರೆಂಟು ಮಿಣುಕುತ್ತಿತ್ತು. ಅಪ್ಪನದು ಹಿಟ್ಟಿನ ಗಿರಣಿ, ಮನೆಗೆ ಹತ್ತಿಯೇ ಇತ್ತು. ಊರಿನಲ್ಲಿ ಗಟ್ಟಿ ಲೈನು ಇದ್ದದ್ದು ನಮ್ಮಲ್ಲೇ. ನಮ್ಮ ಸಾಲಿಯ ಮಾಸ್ತರು ಒಂದು ಸಂಜೆ ಬಂದು ಪಡಸಾಲೆಯಲ್ಲಿ ಕೂತು, ಹೇಳಲೋ ಬ್ಯಾಡೋ ಎನ್ನುವಂತೆ ಹೊರಗಿನ ಖೋಲಿಯ ಕೀಲಿಯ ಕಡೆ ನೋಡಿದರು. ಅಪ್ಪ ಎದ್ದುಹೋಗಿ ಕೀಲಿಕೈ ತಂದು ಅವರ ಕೈಗೇ ಕೊಟ್ಟ.

ಮಾಸ್ತರು ಹೋದ ಮೇಲೆ ಅತ್ತಿ ಅಡಿಗೆ ಮನೆಯಿಂದ ಹೊರಗೆ ಬಂದಳು.

"ಅಣ್ಣಾ, ವೈನಿ ಜೀವ ಬಿಟ್ಟ ಖೋಲಿ ಅದು. ವರ್ಷ ಸೈತ ಆಗಿಲ್ಲ. ಊರ ಹುಡುಗರನ್ನ ತಂದು ಅಲ್ಲೇ ಕುಂಡ್ರಸ್ತೀಯೇನು?"

"ಕೀಲಿ ಹಾಕಿಟ್ಟು ಏನ್ ಮಾಡೂದೈತಿ? ಕಿಡಕಿ ಐತಿ, ಗಾಳಿ ಬರತೈತಿ."

"ಅಷ್ಟ ಏನು?"

"ಅಷ್ಟ."

ಅಪ್ಪ ಅಷ್ಟೇ ಮಾತಾಡುವವನು. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕಂಪ್ಯೂಟರುಗಳು ಟ್ರ್ಯಾಕ್ಟರಿನಲ್ಲಿ ಬಂದವು, ಹೊಟ್ಟು ತುಂಬಿದ ಚೀಲಗಳ ನಡುವೆ, ಮೇಲೆ ಕೌದಿ ಹೊದ್ದುಕೊಂಡು. ಟ್ರ್ಯಾಕ್ಟರಿನ ಹಿಂದೆ ಊರಿನ ಹುಡುಗರೆಲ್ಲ ಓಡಿ ಬಂದರು. ನಮ್ಮ ಮನೆಯ ಮುಂದೆ ಅದು ನಿಂತದ್ದೇ ತಡ, ಓಟವೂ ನಿಂತಿತು. ಯಾರೂ ಕಟ್ಟೆ ಹತ್ತಲಿಲ್ಲ. ಇಳಿಸಿದವರು ದೊಡ್ಡವರೇ. ಕಿಟಕಿಯ ಕೆಳಗೆ ಒಂದು ಮೇಜು, ಗೋಡೆಯ ಗುಂಟ ಉಳಿದವು. ಹೊಸ ವೈರಿನ ವಾಸನೆ, ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ. ಅವುಗಳ ಕೆಳಗೆ ಫಿನಾಯಿಲು ಇನ್ನೂ ಇತ್ತು.

ಕಲಿಸಲು ಬೆಟಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದವರು ವಿಜಯಾ ಟೀಚರು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ, ಎರಡು ಜಡೆಯ, ತೆಳ್ಳಗಿನ ಹೆಣ್ಣುಮಗಳು. ಮೊದಲ ದಿನ ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಎಲ್ಲ ಕಂಪ್ಯೂಟರು ಹಚ್ಚಿ, ಬಾಗಿಲಲ್ಲಿ ನಿಂತು ಕಾದರು. ಬಂದವಳು ನಾನೊಬ್ಬಳೇ. ಅಪ್ಪ ಹೋಗು ಅಂದಿದ್ದ, ಹೋದೆ. ಮರುದಿನವೂ ಹಾಗೇ. ಅದರ ಮರುದಿನ ಅವರು ನನ್ನನ್ನೇ ಕೇಳಿದರು.

"ಗೌರಿ, ಊರಾಗ ಹುಡುಗರು ಇಲ್ಲೇನು? ಯಾಕ ಯಾರೂ ಬರವಲ್ರು?"

"ಇಲ್ಲಿ ನಮ್ಮವ್ವ ತೀರಿಕೊಂಡಾಳ್ರಿ. ಅದಕ್ಕ ಮನ್ಯಾಗ ಕಳಸೂದಿಲ್ರಿ."

ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹೇಳುವಂತೆ ಹೇಳಿದೆ. ಟೀಚರು ಖೋಲಿಯ ಸುತ್ತ ಒಮ್ಮೆ ನೋಡಿದರು.

"ಎಲ್ಲಿ ಮಲಗತಿದ್ರು?"

"ಈ ಕಿಡಕಿ ಕೆಳಗ್ರಿ."

ನಾನು ಕೂತಿದ್ದದ್ದು ಅಲ್ಲೇ.

"ಮೇಜು ಆ ಕಡೆ ಸರಸೂಣೇನು?"

"ಬ್ಯಾಡ್ರಿ. ಪ್ಲಗ್ಗು ಇಲ್ಲೇ ಐತ್ರಿ."

ಅವರು ನನ್ನ ಪಕ್ಕ ಕೂತು ಕನ್ನಡ ಟೈಪು ಕಲಿಸಿದರು. ಒಂದು ಗುಂಡಿ ಒತ್ತಿದರೆ ಅಕ್ಷರ, ಇನ್ನೊಂದು ಒತ್ತಿದರೆ ಅದಕ್ಕೆ ಕೊಂಬು, ಮತ್ತೊಂದಕ್ಕೆ ಒತ್ತು. ಮನೆಯವರ ಹೆಸರು ಬರಿ ಅಂದರು. ಅಪ್ಪನ ಹೆಸರು, ಅತ್ತಿಯ ಹೆಸರು, ಸವಿತಾ. ಆಮೇಲೆ ಶಿವಲೀಲಾ ಎಂದು ಒತ್ತಿದೆ. ಅವ್ವನ ಹೆಸರು ನೀಲಿ ಪರದೆಯ ಮೇಲೆ ಬೆಳ್ಳಗೆ ಹೊಳೆಯಿತು. ಏನಾದರೂ ಆಗಬಹುದೆಂದು ಕಾದೆ. ಏನೂ ಆಗಲಿಲ್ಲ. ಕೆಳಗಿನ ಸಾಲಿಗೆ ಹೋಗಿ ನಮ್ಮ ಎಮ್ಮೆಯ ಹೆಸರು ಬರೆದೆ.

ಖಾಲಿ ಬೆಂಚಿನ ಸುದ್ದಿ ಗದುಗಿಗೆ ಹೋಯಿತು. ಆ ರೇಡಿಯೋ ರಿಪೇರಿಯವರು ಬಂದು ಅಪ್ಪನ ಮುಂದೆ ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು.

"ನೀವು ಖೋಲಿ ಕೊಟ್ಟದ್ದು ದೊಡ್ಡದರಿ. ಆದ್ರ ಶಿರಹಟ್ಟಿ ಕಡಿ ಹಳ್ಳಿಯವರು ಕಂಪ್ಯೂಟರ್ ನಮಗ ಕೊಡ್ರಿ ಅಂತ ಗಂಟು ಬಿದ್ದಾರ. ಹುಡುಗರು ಬರಲಿಲ್ಲ ಅಂದ್ರ ಬರೂ ವಾರ ಒಯ್ಯಬೇಕಾಕ್ಕೈತ್ರಿ."

"ಒಯ್ಯಿರಿ," ಅಂದ ಅಪ್ಪ. ಗಿರಣಿಯೊಳಗೆ ಹೋಗಿ, ಬೀಸುವ ಕಾಳು ಇಲ್ಲದಿದ್ದರೂ ಬಹಳ ಹೊತ್ತು ಅಲ್ಲೇ ಇದ್ದ.

ಇದನ್ನು ಎದುರಿನ ಕಟ್ಟೆಯ ಮೇಲಿಂದ ಬಸಮ್ಮಾಯಿ ಕೇಳಿಸಿಕೊಂಡಿದ್ದಳು. ಮರುದಿನ ಮಧ್ಯಾಹ್ನ ಅವಳು ತನ್ನ ಮೊಮ್ಮಗಳು ರೇಣುಕಾಳ ರಟ್ಟೆ ಹಿಡಿದುಕೊಂಡು ಓಣಿ ದಾಟಿ ಬಂದಳು. ರೇಣುಕಾ ನನ್ನ ಜೋಡಿಯವಳು, ಸುಗ್ಗಿಯಿಂದೀಚೆ ನಮ್ಮ ಮನೆಗೆ ಬಂದಿರಲಿಲ್ಲ. ಮುದುಕಿ ಅವಳನ್ನು ನೇರ ಕಿಟಕಿಯ ಕೆಳಗೇ ಕೂಡಿಸಿ, ತಾನು ಹೊರಗೆ ನಮ್ಮ ಕಟ್ಟೆಯ ಮೇಲೆ ಎಲೆ ಅಡಿಕೆ ಚೀಲ ಬಿಚ್ಚಿ ಕೂತಳು.

ನೀರಿಗೆ ಹೊರಟ ಹೆಂಗಸರು ನಿಂತರು. ಒಬ್ಬಳು ಸೆರಗು ಬಾಯಿಗೆ ಹಿಡಿದು, "ಆಯಿ, ಕೂಸನ್ನ ಆ ಖೋಲ್ಯಾಗ ಬಿಟ್ಟೀಯಲ್ಲ?" ಅಂದಳು.

"ಯಾಕ? ಏನಾಗೈತಿ ಆ ಖೋಲಿಗೆ?"

"ಅಲ್ಲಾ, ಶಿವಲೀಲವ್ವ ಅಲ್ಲೇ..."

"ಹೌದು, ಅಲ್ಲೇ ಸತ್ಲು. ನನ್ನ ತೊಡಿ ಮ್ಯಾಲ ತಲಿ ಇಟ್ಟು ಸತ್ಲು. ನನಗೇನಾಗೈತಿ? ನಿಮ್ಮತ್ತಿ ನಿಮ್ಮ ಅಡಗಿ ಮನ್ಯಾಗ ಸತ್ತಳಲ್ಲ, ನೀ ರೊಟ್ಟಿ ಬಡಿಯೂದು ಬಿಟ್ಟೀಯೇನು? ಸತ್ತವರು ಇಲ್ಲದ ಮನಿ ಈ ಊರಾಗ ಒಂದರ ತೋರ್ಸು, ಅಲ್ಲಿಗೆ ಒಯ್ಯೂಣು ಕಂಪೂಟರು."

ಹೆಂಗಸರು ಕೊಡ ಸರಿಮಾಡಿಕೊಂಡು ಮುಂದೆ ಹೋದರು. ಮುದುಕಿ ಮರುದಿನವೂ ಬಂದು ಕೂತಳು. ಅದರ ಮರುದಿನವೂ. ದಾಟಿ ಹೋದವರನ್ನೆಲ್ಲ ಹೆಸರು ಹಿಡಿದು ಕರೆದು, "ನಿನ್ನ ಮಗಳು ಎಲ್ಲ್ಯಾಳ? ಕಳಸು" ಅನ್ನುತ್ತಿದ್ದಳು. ವಾರ ತುಂಬುವುದರೊಳಗೆ ಬೆಂಚು ಸಾಲಲಿಲ್ಲ. ರಿಪೇರಿಯವರು ಒಯ್ಯಲು ಬಂದವರು, ಒಂದು ಕೆಟ್ಟ ಕೀಬೋರ್ಡು ಸರಿಮಾಡಿ, ಚಹಾ ಕುಡಿದು ಹೋದರು.

ಆಮೇಲಿನ ದಿನಗಳೆಲ್ಲ ಗದ್ದಲವೇ. ಕರೆಂಟು ಬಂದಾಗ ಕ್ಲಾಸು. ಬೆಳಿಗ್ಗೆ ಬಂದರೆ ಬೆಳಿಗ್ಗೆ, ಮಧ್ಯಾಹ್ನ ಬಂದರೆ ಮಧ್ಯಾಹ್ನ. ಗಿರಣಿಯ ಬಲ್ಬು ಹತ್ತಿದ್ದು ಕಂಡರೆ ಸಾಕು, "ಬಂತಲೇ, ಲೈಟ್ ಬಂತಲೇ" ಎಂದು ಓಣಿಯ ಆಚೆಯ ತುದಿಯಿಂದ ಕೂಗು ಬರುತ್ತಿತ್ತು. ಕುಂಟಾಟದ ಮನೆಗಳನ್ನು ಅರ್ಧಕ್ಕೆ ಬಿಟ್ಟು ಹುಡುಗಿಯರು ಓಡಿ ಬರುತ್ತಿದ್ದರು. ಲಂಗದ ಕಿಸೆಯಲ್ಲಿ ಹುರಿದ ಶೇಂಗಾ, ಚುರಮರಿ. ಗುಂಡಿಗಳ ಸಂದಿಯಲ್ಲಿ ಶೇಂಗಾ ಸಿಪ್ಪೆ ಬಿದ್ದು ಟೀಚರು ಬೈಯುತ್ತಿದ್ದರು. ಸವಿತಾ ಎಲ್ಲರ ಕಾಲ ಸಂದಿಯಲ್ಲಿ ನುಸುಳಿ ಯಾರದಾದರೂ ತೊಡೆ ಹತ್ತಿ, ಬಣ್ಣ ತುಂಬುವ ಆಟ ಆಡುತ್ತಿದ್ದಳು. ಕೆಂಪು ಸೂರ್ಯ, ಹಸಿರು ನಾಯಿ.

ಒಂದು ಸಂಜೆ ಅಪ್ಪ ಬಾಗಿಲಿಗೆ ಬಂದು ನಿಂತ. ಕ್ಲಾಸು ಸುರುವಾದ ಮೇಲೆ ಅವನು ಆ ಕಡೆ ಬಂದದ್ದು ಅದೇ ಮೊದಲು.

"ಒಳಗ ಬರ್ರಿ," ಅಂದರು ಟೀಚರು.

"ಇರ್ಲಿ ಬಿಡ್ರಿ. ಕಾಲಿಗೆಲ್ಲ ಹಿಟ್ಟು ಆಗೈತಿ."

ಕಿಟಕಿಯ ಕೆಳಗೆ ರೇಣುಕಾ ಏನನ್ನೋ ಕಂಡು ದೊಡ್ಡದಾಗಿ ನಗುತ್ತಿದ್ದಳು. ಅಪ್ಪ ಅವಳ ಕಡೆ ನೋಡಿದ. ಅವಳನ್ನಲ್ಲ, ಆ ಜಾಗವನ್ನು. ಆಮೇಲೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಗಿರಣಿಗೆ ಹೋದ. ಹಿಟ್ಟೋ ಬೆವರೋ ಮತ್ತೇನೋ.

ನಾನು ಆಗ ಉಸಿರು ಎಳೆದುಕೊಂಡು ನೋಡಿದೆ. ಶೇಂಗಾದ ವಾಸನೆ, ಬೆವರಿನ ವಾಸನೆ, ವೈರಿನ ವಾಸನೆ. ಫಿನಾಯಿಲು ಇರಲಿಲ್ಲ. ಅಜವಾನ ಇರಲಿಲ್ಲ. ಎದ್ದು ಒಳಗೆ ಹೋಗಿ ಅಡಿಗೆ ಮನೆಯಲ್ಲಿ ನಿಂತುಕೊಂಡೆ. ಅತ್ತಿ ರೊಟ್ಟಿ ಬಡಿಯುತ್ತಿದ್ದಳು.

"ಯಾಕ ಬಂದಿ? ಹಸಿವೇನು?"

"ಇಲ್ಲ."

"ಮತ್ತ?"

"ಏನಿಲ್ಲ."

ಅವಳು ನನ್ನ ಮುಖ ನೋಡಿ, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಹಿಂಡಿಯ ಖಾರದ ಪುಡಿ ಉದುರಿಸಿ ಸುರುಳಿ ಮಾಡಿ ಕೈಗಿಟ್ಟಳು. ನಿಂತೇ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆ ವರ್ಷ ನನ್ನ ಕಣ್ಣಲ್ಲಿ ನೀರು ಬಂದದ್ದು ಅದೊಂದೇ ಸಲ.

ಕ್ಲಾಸು ಕೆಲವು ವರ್ಷ ನಡೆಯಿತು. ಆಮೇಲೆ ಸಾಲಿಗೇ ಕಂಪ್ಯೂಟರು ಬಂದವು, ಎಲ್ಲರ ಕೈಗೆ ಮೊಬೈಲು ಬಂತು. ನಮ್ಮವು ಒಂದೊಂದಾಗಿ ಕೆಟ್ಟು ನಿಂತವು, ರಿಪೇರಿ ಮಾಡಿಸಿರೆಂದು ಯಾರೂ ಕೇಳಲಿಲ್ಲ. ವಿಜಯಾ ಟೀಚರು ಮದುವೆಯಾಗಿ ಮುಂಡರಗಿಗೆ ಹೋದರು. ಬಸಮ್ಮಾಯಿ ತನ್ನ ಕಟ್ಟೆಯ ಹಿಂದಿನ ಖೋಲಿಯಲ್ಲಿ ತೀರಿಕೊಂಡಳು. ಅಲ್ಲಿ ಈಗ ರೇಣುಕಾ ಪಹಣಿ, ಆಧಾರ್ ಪ್ರಿಂಟು ತೆಗೆದುಕೊಡುವ ಅಂಗಡಿ ಇಟ್ಟಿದ್ದಾಳೆ. ನಾನು ಗದುಗಿನ ಒಂದು ಆಫೀಸಿನಲ್ಲಿ ದಿನವೆಲ್ಲ ಟೈಪು ಮಾಡುತ್ತೇನೆ. ಕೈ ತಾನಾಗಿ ನಡೆಯುತ್ತದೆ. ಆ ಕ್ಲಾಸಿಗೆ ನಾನು ಎಷ್ಟು ಋಣಿಯೆಂದು ಕೇಳಿದವರಿಗೆಲ್ಲ ಹೇಳಿದ್ದೇನೆ, ಸುಳ್ಳಲ್ಲ.

ಹೋದ ವರ್ಷ ಅಪ್ಪ ಗಿರಣಿ ದೊಡ್ಡದು ಮಾಡಲು ಆ ಖೋಲಿಯ ಗೋಡೆ ತೆಗೆಸಿದ. ಸವಿತಾ ಲಕ್ಷ್ಮೇಶ್ವರದಿಂದ ಬಂದಿದ್ದಳು. ಕೆಲಸದವರು ಕಿಟಕಿ ಕೀಳುವಾಗ ನಾವಿಬ್ಬರೂ ಓಣಿಯಲ್ಲಿ ನಿಂತು ನೋಡುತ್ತಿದ್ದೆವು.

"ಅಕ್ಕಾ, ಅವ್ವ ಎಲ್ಲಿ ಮಲಗತಿದ್ಲು?"

"ಅಲ್ಲೇ. ಕಿಡಕಿ ಕೆಳಗ."

ಸವಿತಾ ಬಹಳ ಹೊತ್ತು ಆ ಕಡೆ ನೋಡಿದಳು.

"ನನಗ ಅಲ್ಲಿ ಕಂಪ್ಯೂಟರ್ ಅಷ್ಟ ಕಾಣತೈತಿ. ಹಸರ ನಾಯಿ ಬರೀತಿದ್ದೆ, ಅದು ನೆನಪೈತಿ. ನೀ ದೊಡ್ಡಾಕಿ ಇದ್ದಿ, ನಿನಗ ಅವ್ವ ಚಲೋ ನೆನಪಿರಬೇಕಲಾ?"

ನಾನು ಕಣ್ಣು ಮುಚ್ಚಿ ಆ ಹಾಸಿಗೆಯನ್ನು, ಅದರ ಮೇಲಿನ ಮುಖವನ್ನು ಹುಡುಕಿದೆ. ಕಂಡದ್ದು ಬಾಗಿಲಿನಿಂದ ಮಾಡಿದ ಮೇಜು, ನೀಲಿ ಬೆಳಕು, ರೇಣುಕಾಳ ಬೆನ್ನು.

"ಹೂಂ," ಅಂದೆ. "ನೆನಪೈತಿ."