ಶಾಂತಕ್ಕನ ಜಾಗಕ್ಕೆ ಯಾರು?

ಕಾರವಾರದ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ಬಾಯೊಳಗೆ ನೋಡುತ್ತ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದವರು ಶಾಂತಕ್ಕ. ಅವರು ಕೆಲಸ ಬಿಟ್ಟು ಅಂಕೋಲೆಯ ಮಗನ ಮನೆಗೆ ಹೋದ ಮೇಲೆ ಎರಡು ಆ್ಯಪ್ ಹಾಕಿಸಿಕೊಂಡೆ. ಒಂದು ನಾನು ಹೇಳಿದ್ದನ್ನಷ್ಟೇ ಬರೆಯುತ್ತದೆ. ಇನ್ನೊಂದು ಎಐ; ರೋಗಿಯ ಮಾತನ್ನೂ ಕೇಳಿಸಿಕೊಂಡು ತಾನೇ ಟಿಪ್ಪಣಿ ಮಾಡುತ್ತದೆ.

ಅವತ್ತು ಬೇಲೆಕೇರಿಯಿಂದ ಮೀನು ಮಾರುವ ದೇವಮ್ಮ ಬಂದಿದ್ದರು. ಮೊದಲನೆಯ ಆ್ಯಪ್‌ ಹಚ್ಚಿ, "ಕೆಳಗಿನ ಬಲ ದವಡೆ, ಕೊನೆಯ ಹಲ್ಲು, ಆಳವಾದ ಹುಳುಕು" ಎಂದೆ.

"ಯಾರ ಹತ್ರ ಮಾತಾಡ್ತ್ರಿ ಡಾಕ್ಟ್ರೇ? ಶಾಂತಕ್ಕ ಇಲ್ವಲ್ಲ!"

ನಗು ಬಂತು. ನನ್ನ ಪ್ರತಿ ಮಾತಿಗೂ "ಹ್ಞಾಂ" ಎನ್ನುತ್ತಿದ್ದ ಶಾಂತಕ್ಕನ ದನಿ ನೆನಪಾಗಿ ಬೇಜಾರೂ ಆಯಿತು. ಎಐ ಹಚ್ಚಿ ಇಂಜೆಕ್ಷನ್ ಕೊಟ್ಟೆ. ದವಡೆ ಜೋಮು ಹಿಡಿಯುವವರೆಗೂ ದೇವಮ್ಮ ಮಾತಾಡುತ್ತಲೇ ಇದ್ದರು. ನನ್ನ ಗಮನವೆಲ್ಲ ಎಕ್ಸ್‌ರೇ ಮೇಲಿತ್ತು.

ಕೊನೆಗೆ ಔಷಧಿ ಬರೆಯುವಾಗ ಪರದೆಯ ಮೇಲೆ ಒಂದು ಸಾಲು ಕಂಡಿತು: "ಹಿಂದೊಮ್ಮೆ ಗಂಟಲುನೋವಿನ ಗುಳಿಗೆ ತಿಂದು ಮೈತುಂಬ ದದ್ದು." ಕೊಡಬೇಕೆಂದಿದ್ದ ಆ್ಯಂಟಿಬಯಾಟಿಕ್ ಗುಳಿಗೆಯನ್ನು ತೋರಿಸಿದೆ.

"ಇದೇ ಅದು!" ಎಂದರು ದೇವಮ್ಮ. ಬೇರೆ ಔಷಧಿ ಕೊಟ್ಟೆ. ಎಐಯನ್ನೇ ಇಟ್ಟುಕೊಂಡೆ.

ಸಂಜೆ ಶಾಂತಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಒಳ್ಳೇದಾಯ್ತು ಡಾಕ್ಟ್ರೇ. ದೇವಮ್ಮನ ಮಗಳಿಗೆ ಹೆರಿಗೆ ಆಯ್ತಂತಲ್ಲ, ಗಂಡೋ ಹೆಣ್ಣೋ?"

ದೇವಮ್ಮ ಹೇಳಿಯೇ ಇರಬೇಕು. ನಾನು ಕೇಳಿಸಿಕೊಂಡಿರಲಿಲ್ಲ, ಟಿಪ್ಪಣಿಯಲ್ಲೂ ಇರಲಿಲ್ಲ. ಹಲ್ಲಿನ ನೆಪ ಹೇಳಿ ದೇವಮ್ಮನನ್ನು ಇನ್ನೊಮ್ಮೆ ಬರಹೇಳಿದ್ದೇನೆ.