ಎರಡನೇ ನೀರಿಗೆ ಕಾದವನು

ಇಲ್ಲ... ನಾನು ನಂಬುವುದಿಲ್ಲ.

ಬೆಳಿಗ್ಗೆ ಅವನ ಮಗ ಫೋನ್ ಮಾಡಿದ.
"ಅಪ್ಪ ಹೋಗ್ಬಿಟ್ರು ದೊಡ್ಡಪ್ಪಾ..."
"ಎಲ್ಲಿಗೆ ಹೋದ್ನಪ್ಪಾ? ಹೊಳೆ ಹತ್ರ ನೋಡಿದ್ರಾ?" ಎಂದು ಕೇಳಿದೆ.
ಆ ಕಡೆಯಿಂದ ಅಳು ಕೇಳಿಸಿತು.
ಆಗ ಅರ್ಥವಾಯಿತು.

ಮಹಾಜನಗಳೇ... ಈ ಫೇಸ್‌ಬುಕ್ಕಿನಲ್ಲಿ ಈ ಹಳೇ ನಾಟಕದವನ ಗಂಟಲನ್ನು ಸಹಿಸಿಕೊಂಡು ಬಂದಿರುವ ಮಹನೀಯರೇ, ತಾಯಂದಿರೇ...
ಗೌರಿಬಿದನೂರಿನ ಸೀನರಿ ಅಶ್ವತ್ಥಪ್ಪ ಇನ್ನಿಲ್ಲ.
ನಾಟಕದ ಪರದೆ ಬರೆಯುತ್ತಿದ್ದವನು. ನನ್ನ ಜೀವದ ಗೆಳೆಯ.
ಮೂರನೇ ಬೆಲ್ಲು ಹೊಡೆದಾಯಿತು... ಅವನು ಹೊರಟುಹೋದ. ನಾನಿನ್ನೂ ಮೇಕಪ್ಪಿನಲ್ಲೇ ನಿಂತಿದ್ದೇನೆ.

ಐವತ್ತರ ದಶಕ...
ವಿದುರಾಶ್ವತ್ಥದ ಹತ್ತಿರ, ಪಿನಾಕಿನಿಯ ದಡದಲ್ಲಿ ನಮ್ಮಿಬ್ಬರ ಮನೆ.
ಹೊಳೆ ಎಂದರೆ ಮಳೆ ಬಂದಾಗ ನಾಲ್ಕು ದಿನ ಕೆಂಪು ನೀರು... ಆಮೇಲೆ ಉದ್ದಕ್ಕೂ ಬಿಳಿ ಮರಳು.
ಆ ಮರಳಲ್ಲಿ ಒರತೆ ತೋಡಿ, ಊರೆಲ್ಲ ಕುಡಿಯುವ ನೀರು ತರುತ್ತಿತ್ತು.
ಮೊಣಕೈ ಆಳ ತೋಡಿದರೆ ಸಾಕು, ಜಿನುಗುತ್ತಿತ್ತು.
ಆದರೆ ಮೊದಲು ಬರುವುದು ಬಗ್ಗಡ.
ಅದನ್ನು ತೆಂಗಿನ ಚಿಪ್ಪಿನಲ್ಲಿ ಎತ್ತಿ ಚೆಲ್ಲಿ, ಕೈಕಟ್ಟಿ ಕಾಯಬೇಕು.
ನಾವು ಆತುರಕ್ಕೆ ಬಿಂದಿಗೆ ಅದ್ದಲು ಹೋದರೆ ಅಶ್ವತ್ಥನ ತಾಯಿ ಕೈಮೇಲೆ ಹೊಡೆಯುತ್ತಿದ್ದರು.
"ಏಯ್, ಇರ್ರೋ. ಮೊದಲ್ನೇ ನೀರು ಹೊಳೇದು, ಎರಡನೇದು ನಮ್ದು. ತಿಳಿಯಾಗ್ಲಿ."

ಅದೇ ಅವನ ಆರ್ಟ್ ಸ್ಕೂಲು. ಬೇರೆ ಸ್ಕೂಲಿಗೆ ಅವನು ಹೋಗಲಿಲ್ಲ.

ಅರವತ್ತರ ದಶಕದಲ್ಲಿ ಇಬ್ಬರೂ ಒಂದೇ ಡ್ರಾಮಾ ಕಂಪನಿ ಸೇರಿದೆವು.
ನನಗೆ ಗಂಟಲು... ಅವನಿಗೆ ಬ್ರಷ್ಷು.
ಪುಡಿ ಬಣ್ಣವನ್ನು ಅಂಟಿನಲ್ಲಿ ಕಲಸಿ, ಮೊದಲು ಪರದೆಗೆಲ್ಲ ಬಗ್ಗಡದಂಥದ್ದೊಂದು ಬಣ್ಣ ಬಳಿಯುವನು. ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುವನು. ಆಮೇಲೆ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ನೋಡುವನು...

ಕಂಪನಿ ಓನರ್ ಆಂಧ್ರದ ಗಡಿಯ ಕಡೆಯವರು. ಸಿಟ್ಟು ಬಂದರೆ ತೆಲುಗು ಇಣುಕುತ್ತಿತ್ತು.
"ಏಮಯ್ಯಾ, ಪರದೇಗೆ ಕಾವಲು ಕೂತಿದೀಯಾ? ಯಾರೂ ಹೊತ್ಕೊಂಡ್ ಹೋಗಲ್ಲ, ಬರಿ."
"ತಿಳಿಯಾಗ್ಲಿ ಅಂತ ಕೂತಿದೀನಿ ಸ್ವಾಮಿ."
"ಅದು ತಿಳಿಯಾಗೋಷ್ಟೊತ್ತಿಗೆ ನನ್ ಕಂಪನಿ ಮುಳುಗೋಗಿರ್ತದೆ."

ಒಂದು ನಾಟಕದಲ್ಲಿ ರಾಜಕುಮಾರ ಗಂಗೆ ದಾಟುವ ಸೀನು. ಅಂಬಿಗನ ಪಾರ್ಟು ನನ್ನದು.
ಅಶ್ವತ್ಥ ಬರೆದ ಗಂಗೆ ನೋಡಿ ಓನರ್ ಕುರ್ಚಿಯಿಂದ ಎದ್ದರು.
ಉದ್ದಕ್ಕೂ ಮರಳು... ಅಂಚಿನಲ್ಲಿ ನೂಲಿನಂಥ ನೀರು... ನಡುವೆ ಒಂದು ಒರತೆ, ಅದರೊಳಗೆ ಆಕಾಶದ ಚೂರು.
"ಇದು ಗಂಗೆನೇನಯ್ಯಾ? ಇದ್ರಲ್ಲಿ ದೋಣಿ ಬಿಡ್ಬೇಕಾ, ಎತ್ತಿನ್ ಗಾಡಿ ಹೊಡೀಬೇಕಾ?"
"ನಾನ್ ಕಂಡಿರೋ ಹೊಳೆ ಇದೇ ಸ್ವಾಮಿ. ಕಾಣದ್ದು ಬರಿಯೋಕೆ ನಂಗ್ ಬರಲ್ಲ."

ಬೇರೆ ಪರದೆಗೆ ಟೈಮಿರಲಿಲ್ಲ. ಗೌರಿಬಿದನೂರಿನ ಟೆಂಟಿನಲ್ಲಿ ಅದೇ ಇಳಿಯಿತು.
ನಾನು ಹುಟ್ಟು ಹಿಡಿದು, ಎದೆತುಂಬ ಉಸಿರೆಳೆದು, ಪದ್ಯ ಎತ್ತಬೇಕು...
ಅಷ್ಟರಲ್ಲಿ ಮುಂದೆ ಚಾಪೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಪಕ್ಕದವಳ ಮೊಣಕೈ ತಿವಿದರು.
"ನಮ್ ಹೊಳೆ ಕಣೇ ಇದು. ಒರತೆ ತಿಳಿಯಾಗೈತೆ ನೋಡು."
ಇಡೀ ಟೆಂಟಿನ ಸದ್ದಡಗಿತು.
ನನ್ನ ಯಾವ ಪದ್ಯಕ್ಕೂ ಅಂಥ ಮೌನ ಸಿಕ್ಕಿಲ್ಲ.
ಸೈಡ್ ವಿಂಗಿನಲ್ಲಿ ಅಶ್ವತ್ಥ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದ.

ಮುಂದಿನ ಕ್ಯಾಂಪು ಚಿಂತಾಮಣಿ. ಅಲ್ಲಿ ಜನ ನಕ್ಕರು.
"ಅಂಬಿಗಣ್ಣಾ, ಇಳಿದು ತಳ್ಳಣ್ಣಾ" ಎಂದು ಹಿಂದಿನಿಂದ ಕೂಗು.
ಶಿಡ್ಲಘಟ್ಟಕ್ಕೆ ಹೊರಡುವ ಮುಂಚೆ ಆ ಮರಳು, ಆ ಒರತೆ, ಎಲ್ಲದರ ಮೇಲೆ ನೀಲಿ ಬಳಿಯಬೇಕಾಯಿತು... ಅವನ ಕೈಯಿಂದಲೇ.
ಅವತ್ತು ಅವನು ಕಾಯಲಿಲ್ಲ. ಒಂದೇ ಉಸಿರಿಗೆ ಬಳಿದು ಎದ್ದ.
ಶಿಡ್ಲಘಟ್ಟದಲ್ಲಿ ನೀಲಿ ಗಂಗೆಗೆ ಚಪ್ಪಾಳೆಯೋ ಚಪ್ಪಾಳೆ.

ಅಶ್ವತ್ಥಾ... ಕೇಳಿಸುತ್ತಿದೆಯೇನೋ...

ಆ ಚಪ್ಪಾಳೆಯ ಮಧ್ಯೆ ನೀನು ನನ್ನ ಕಿವಿಯಲ್ಲಿ ಹೇಳಿದ್ದು ನೆನಪಿದೆಯಾ?
"ಹೊಟ್ಟೆಗೆ ನೀಲಿ ಬರೀತೀನಿ ಕಣೋ. ಸಾಯೋದ್ರೊಳಗೆ ನನ್ ಹೊಳೇನ ಒಂದ್ಸಲ ಬರೀತೀನಿ. ಯಾರೂ ಅದರ್ ಮೇಲೆ ಬಳೀಬಾರ್ದು, ಹಂಗೆ."

ನೀನು ಅರಮನೆ ಬರೆದೆ, ಉದ್ಯಾನ ಬರೆದೆ, ಕೈಲಾಸ ಬರೆದೆ.
ಕಂಪನಿ ಮುಚ್ಚಿತು... ಅಂಗಡಿ ಬೋರ್ಡು ಬರೆದೆ.
ಬಿಡುವಾದಾಗ ಹಿತ್ತಲಲ್ಲಿ ಕ್ಯಾನ್ವಾಸ್ ಹರಡಿ ಕೂರುತ್ತಿದ್ದೆ, ಒರೆಸುತ್ತಿದ್ದೆ. "ಒಂದ್ಸಲ ನೋಡ್ಕೊಂಡ್ ಬರ್ತೀನಿ ಇರು" ಎಂದು ಹೊಳೆಗೆ ಹೋಗುತ್ತಿದ್ದೆ.
ಹೋದಾಗಲೆಲ್ಲ ಮರಳು ಕಮ್ಮಿ... ಲಾರಿ ಜಾಸ್ತಿ.

ಹೋದ ಸಂಕ್ರಾಂತಿಗೆ ನಾನು ಊರಿಗೆ ಬಂದಾಗ ನಿನ್ನ ಹಟಕ್ಕೆ ಕಾರಿನಲ್ಲಿ ಅಲ್ಲಿಗೇ ಹೋದೆವು.
ಜಾಲಿ ಮುಳ್ಳು... ಪ್ಲಾಸ್ಟಿಕ್ಕು... ಬಿರಿದ ಜೇಡಿಮಣ್ಣು.
ನೀನು ಮಂಡಿಯೂರಿ ಕೋಲಿನಿಂದ ತೋಡಿದೆ. ಮೊಣಕೈ ಆಳ.
"ಬರಲ್ಲ ಕಣೋ, ಎದ್ದೇಳು" ಎಂದು ನಾನು.
"ಇರಪ್ಪಾ. ಬಗ್ಗಡನಾದ್ರೂ ಬರ್ಲಿ" ಎಂದು ನೀನು.
ಬಿಸಿಲು ಇಳಿಯುವವರೆಗೂ ನೀನು ಕೂತಿದ್ದೆ. ಬಗ್ಗಡವೂ ಬರಲಿಲ್ಲ.
ನನ್ನ ಹೆಗಲು ಹಿಡಿದು ಏಳುತ್ತಾ ನೀನು ಹೇಳಿದೆ...
"ಹೊಳೆ ಇದ್ದಾಗ ಟೈಮ್ ಇರ್ಲಿಲ್ಲ. ಈಗ ಟೈಮ್ ಐತೆ."

ಅವತ್ತಿನಿಂದ ನೀನು ಬ್ರಷ್ ಮುಟ್ಟಲಿಲ್ಲವಂತೆ.
ಹಿತ್ತಲಲ್ಲಿ ಒಂದು ಕ್ಯಾನ್ವಾಸ್ ಇದೆಯಂತೆ... ಬರೀ ಮೊದಲನೇ ಬಣ್ಣ. ಒರೆಸಿಲ್ಲ.
"ಅಪ್ಪ ಏನ್ ಬರಿಯೋಕೆ ಹೊರಟಿದ್ರು ದೊಡ್ಡಪ್ಪಾ?" ಎಂದು ನಿನ್ನ ಮಗ ಕೇಳಿದ.
ಮೈಕಿಲ್ಲದೆ ಟೆಂಟಿನ ಕೊನೆಗೆ ಮುಟ್ಟುತ್ತಿದ್ದ ಗಂಟಲು ನನ್ನದು...
ಒಂದು ಫೋನಿಗೆ ಮುಟ್ಟಲಿಲ್ಲ.

ಅಸ್ಥಿ ಎಲ್ಲಿ ಬಿಡುತ್ತೀರಿ ಎಂದು ಕೇಳಿದೆ.
"ಇಲ್ಲಿ ನೀರೆಲ್ಲಿದೆ ದೊಡ್ಡಪ್ಪಾ... ಶ್ರೀರಂಗಪಟ್ಟಣಕ್ಕೆ ತಗೊಂಡ್ ಹೋಗ್ತೀವಿ" ಅಂದ.

ಅಂದರೆ... ತುಂಬಿ ಹರಿಯುವ ನೀಲಿ ಹೊಳೆಗೇ ಬಿಡುತ್ತಾರೆ ನಿನ್ನನ್ನು, ಅಶ್ವತ್ಥಾ.
ಕೊನೆಗೂ ನಿನ್ನ ಮೇಲೆ ನೀಲಿಯೇ ಬಿತ್ತು.

ಹೋಗಿ ಬಾ ಎನ್ನಲಾರೆ. ಬರುವುದಕ್ಕೆ ಇಲ್ಲಿ ಹೊಳೆಯಿಲ್ಲ.
ಬಗ್ಗಡವನ್ನೆಲ್ಲ ಇಲ್ಲೇ ಚೆಲ್ಲಿ ಹೋಗು...
ನಿನ್ನ ಜೀವ ತಿಳಿಯಾಗಲಿ ಗೆಳೆಯಾ. 🙏